ಶಿಕ್ಷೆ ಆದ ಮೇಲಿನ ಅರವತ್ತು ದಿನ

ಗಾಂಜಾ ಕೇಸಿನಲ್ಲಿ ಶಿಕ್ಷೆ ಪ್ರಕಟವಾದ ಮಧ್ಯಾಹ್ನ ಕೋರ್ಟಿನ ಹೊರಗೆ ನಡೆಯುವ ಮಾತು ಬೆಳಗಾವಿಯಲ್ಲಾದರೂ ವಿಜಯಪುರದಲ್ಲಾದರೂ ಹೆಚ್ಚುಕಡಿಮೆ ಒಂದೇ. ಒಳಗೆ ವಾರಂಟು ಬರೆಯುತ್ತಿರುತ್ತಾರೆ. ಹಿಂಡಲಗಾಕ್ಕೋ ದರ್ಗಾ ಜೈಲಿಗೋ ಒಯ್ಯಲು ಪೊಲೀಸರು ಕಾಯುತ್ತಿರುತ್ತಾರೆ. ಹೊರಗೆ ತಾಯಿ, ಹೆಂಡತಿ, ಊರಿನ ಒಬ್ಬ ಹಿರಿಯರು. “ವಕೀಲ ಸಾಹೇಬ್ರ, ಎಷ್ಟ್ ವರ್ಷ ಅಂದ್ರರಿ?” ಹತ್ತು ಎಂದು ಕೇಳಿದ ಮೇಲೆ ಸ್ವಲ್ಪ ಹೊತ್ತು ಯಾರಿಗೂ ಮಾತು ಹೊರಡುವುದಿಲ್ಲ. ಆಮೇಲೆ ಬರುವ ಪ್ರಶ್ನೆ ಇದು: “ಮ್ಯಾಲಿನ ಕೋರ್ಟಿಗೆ ಹೋದ್ರ ಕಮ್ಮಿ ಮಾಡ್ತಾರಲ್ರಿ? ಸಣ್ಣ ಹುಡುಗ್ರು ಅದಾವ್ರಿ ಮನಿಯಾಗ. ಅದನ್ನಷ್ಟ ಹೇಳ್ರಿ ಅವರಿಗೆ.”

ಆ ಮಾತಿನಲ್ಲಿರುವ ಸಂಕಟ ನಿಜವಾದದ್ದು. ಆದರೆ ಹತ್ತು ವರ್ಷ ಕೊಟ್ಟಿದ್ದು ವಾಣಿಜ್ಯ ಪ್ರಮಾಣದ, ಅಂದರೆ 20 ಕಿಲೋ ದಾಟಿದ ಗಾಂಜಾದ ಕೇಸಿನಲ್ಲಿ ಎಂದಾದರೆ, ಅದನ್ನು ಕೇಳಿ ಶಿಕ್ಷೆ ಇಳಿಸಲು ಹೈಕೋರ್ಟಿನ ನ್ಯಾಯಮೂರ್ತಿಗಳಿಗೆ ಕಾನೂನು ಜಾಗವನ್ನೇ ಬಿಟ್ಟಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ ಕಲಂ 20(ಬಿ)(2)(ಸಿ) ಪ್ರಕಾರ ಹತ್ತು ವರ್ಷವೇ ಕನಿಷ್ಠ, ಇಪ್ಪತ್ತು ಗರಿಷ್ಠ. ಮಕ್ಕಳು ಸಣ್ಣವರು, ಮೊದಲನೇ ತಪ್ಪು, ತಂದೆಗೆ ಪಾರ್ಶ್ವವಾಯು ಇವೆಲ್ಲ ಹತ್ತಕ್ಕಿಂತ ಮೇಲಿನ ವರ್ಷಗಳನ್ನು ಮಾತ್ರ ಇಳಿಸಬಲ್ಲವು. ಅದೇ ಕೇಸಿನ ಕಡತದಲ್ಲಿ, ಹೊಲದಲ್ಲಿ ನಿಂತು ಬರೆದ ಪಂಚನಾಮೆಯ ಮೂರನೆಯ ಹಾಳೆಯಲ್ಲಿ, ಇಡೀ ಶಿಕ್ಷೆಯನ್ನು ಅಲುಗಾಡಿಸುವ ಒಂದು ಸಾಲು ಇರಬಹುದು. ಅದನ್ನು ಮನೆಯವರು ಓದಿರುವುದಿಲ್ಲ, ಓದಬೇಕೆಂದು ಅವರಿಗೆ ಹೇಳಿದವರೂ ಇರುವುದಿಲ್ಲ. ಈ ವಿಷಯ ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಇಂಥ ಕೇಸಿನ ಅಪೀಲು ಗೆಲ್ಲುವುದೋ ಸೋಲುವುದೋ ಬಹುಮಟ್ಟಿಗೆ ತೂಕ, ಮೊಹರು, ತಾರೀಖುಗಳ ಮೇಲೆ. ಕನಿಕರಕ್ಕೆ ಜಾಗ ಇರುವ ಕೇಸುಗಳೂ ಇವೆ. ಯಾವುದು ಯಾವ ಬಗೆಯದು ಎಂದು ಮೊದಲ ವಾರದಲ್ಲೇ ಗೊತ್ತು ಮಾಡಿಕೊಳ್ಳಬೇಕು.

ಮೊದಲು ನಕಲು

ಶಿಕ್ಷೆಯಾದ ಆರೋಪಿಗೆ ತೀರ್ಪಿನ ಒಂದು ಪ್ರತಿಯನ್ನು ಪುಕ್ಕಟೆಯಾಗಿ, ತಡಮಾಡದೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 404 ಹೇಳುತ್ತದೆ. (2024ರ ಜುಲೈ 1ಕ್ಕೂ ಮೊದಲು ಇದು ಸಿಆರ್‌ಪಿಸಿ 363 ಆಗಿತ್ತು, ಹಳೆಯ ವಕೀಲರ ಬಾಯಲ್ಲಿ ಇನ್ನೂ ಅದೇ ಇದೆ.) ಅದನ್ನು ಅವತ್ತೇ ಕೇಳಿ ಪಡೆಯಬೇಕು. ಅದು ಸಾಲದು. ಸಾಕ್ಷಿಗಳ ಹೇಳಿಕೆ, ನಿಶಾನೆಗಳು, ಅಂದರೆ ಪಂಚನಾಮೆ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ, ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ದಾಸ್ತಾನು ಪಟ್ಟಿ, ಮೇಲಧಿಕಾರಿಗೆ ಕಳಿಸಿದ ವರದಿ, ಇವೆಲ್ಲದರ ದೃಢೀಕೃತ ನಕಲಿಗೆ ಬೇರೆ ಅರ್ಜಿ ಹಾಕಬೇಕು. ಹೈಕೋರ್ಟು ಕೆಳಗಿನ ಕೋರ್ಟಿನ ದಾಖಲೆ ತರಿಸಿಕೊಳ್ಳುತ್ತದೆ ನಿಜ, ಆದರೆ ಅದು ಬರುವವರೆಗೆ ಶಿಕ್ಷೆ ಅಮಾನತಿನ (ಅಪೀಲು ತೀರುವವರೆಗೆ ಶಿಕ್ಷೆ ತಡೆಹಿಡಿಯುವ) ಅರ್ಜಿಯ ಮೇಲೆ ವಾದ ಮಾಡಲು ವಕೀಲರ ಕೈಯಲ್ಲಿ ಕಾಗದ ಬೇಕು. ಬರೀ ತೀರ್ಪು ಹಿಡಿದುಕೊಂಡು ನಿಂತರೆ, ಆ ತೀರ್ಪು ಬರೆದವರು ಕಂಡದ್ದಷ್ಟೇ ಹೈಕೋರ್ಟಿಗೂ ಕಾಣುತ್ತದೆ.

ವಿಶೇಷ ನ್ಯಾಯಾಲಯದ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಹಾಕಲು 60 ದಿನ. ಒಂದು ಕಿಲೋ ಒಳಗಿನ ಗಾಂಜಾ ಸಿಕ್ಕ ಕೇಸು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಮುಂದೆ ನಡೆಯುತ್ತದೆ; ಅಲ್ಲಿಂದ ಅಪೀಲು ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ನಕಲಿಗೆ ಅರ್ಜಿ ಹಾಕಿದ ದಿನದಿಂದ ಅದು ತಯಾರಾದ ದಿನದವರೆಗಿನ ಅವಧಿ ಈ ಲೆಕ್ಕದಿಂದ ಕಳೆಯುತ್ತದೆ. ನಕಲಿನ ಹಿಂಬದಿಯ ಠಸ್ಸೆಯಲ್ಲಿ ಅರ್ಜಿಯ ತಾರೀಖು, ತಯಾರಾದ ತಾರೀಖು, ಕೊಟ್ಟ ತಾರೀಖು ಇರುತ್ತವೆ. ತಯಾರಾದ ಮೇಲೆ ಒಯ್ಯದೆ ಬಿಟ್ಟ ದಿನಗಳಿಗೆ ವಿನಾಯಿತಿ ಇಲ್ಲ. ಬಹಳ ಮನೆಗಳು ಎಡವುವುದು ಇಲ್ಲೇ. “ಕಾಪಿ ಬಂದೇತಿ ಅಂತ ಫೋನ್ ಮಾಡ್ತಾರ” ಎಂದು ಕಾಯುತ್ತಾ ಕೂರುತ್ತಾರೆ, ಫೋನು ಬರುವುದಿಲ್ಲ. ಅವಧಿ ಮೀರಿದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಪರಿಮಿತಿ ಕಾಯ್ದೆಯ ಕಲಂ 5ರಡಿ ವಿಳಂಬ ಮನ್ನಿಸಲು ಅರ್ಜಿ ಹಾಕಬಹುದು, ಜೈಲಿನಲ್ಲಿದ್ದ ಬಡವನ ವಿಳಂಬವನ್ನು ಕೋರ್ಟುಗಳು ಸಾಮಾನ್ಯವಾಗಿ ಬಿಗಿಯಾಗಿ ನೋಡುವುದಿಲ್ಲ. ಆದರೂ ಆ ಅರ್ಜಿ ತೀರುವವರೆಗೆ ಮುಖ್ಯ ಅಪೀಲು ಮುಂದೆ ಸಾಗುವುದಿಲ್ಲ, ಒಳಗಿದ್ದವನ ದಿನ ಮಾತ್ರ ಕಳೆಯುತ್ತಿರುತ್ತದೆ.

ದುಡ್ಡಿಲ್ಲದವರಿಗೆ ಎರಡು ದಾರಿ ಇವೆ. ಬಿಎನ್‌ಎಸ್‌ಎಸ್ ಕಲಂ 424 ಪ್ರಕಾರ ಕೈದಿ ತನ್ನ ಅಪೀಲನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಕೋರ್ಟಿಗೆ ಮುಟ್ಟಿಸುವ ಹೊಣೆ ಅವರದು. ಇನ್ನೊಂದು, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಪ್ರಾಧಿಕಾರಕ್ಕೆ ಹೋಗಬಹುದು, ಜೈಲಿಗೆ ಬರುವ ಅರೆಕಾನೂನು ಸ್ವಯಂಸೇವಕರಿಗೆ ಹೇಳಬಹುದು, 15100ಕ್ಕೆ ಫೋನು ಮಾಡಬಹುದು. ಎರಡು ಎಕರೆ ಒತ್ತಿ ಇಟ್ಟು ವಕೀಲರಿಗೆ ಕೊಡುವ ಮೊದಲು ಈ ಬಾಗಿಲು ತಟ್ಟಿ ನೋಡಬೇಕು.

ಹೊಳೆ ದಾಟಿದರೆ ಪೀಠ ಬೇರೆ

ಹೈಕೋರ್ಟಿನ ಧಾರವಾಡ ಪೀಠದ ಆವರಣದಲ್ಲಿ ಕಂಡ ಇಂಡಿ ಕಡೆಯ ಒಬ್ಬ ಅಜ್ಜ ಇನ್ನೂ ಕಣ್ಣಮುಂದೆ ಇದ್ದಾನೆ. ಪ್ಲಾಸ್ಟಿಕ್ ಚೀಲದಲ್ಲಿ ತೀರ್ಪಿನ ಪ್ರತಿ, ಮೊಮ್ಮಗನ ಆಧಾರ್ ಕಾರ್ಡು, ರಾತ್ರಿ ಬಸ್ಸಿನ ದಣಿವು. ಸಹಾಯಕ್ಕೆ ಬಂದ ಕಿರಿಯ ವಕೀಲೆ ಮೊದಲ ಹಾಳೆ ನೋಡಿ, “ಅಜ್ಜಾರ, ಇದು ವಿಜಯಪುರದ ಕೋರ್ಟಿಂದು. ಇಲ್ಲಿ ನಡ್ಯಾಂಗಿಲ್ರಿ, ಕಲಬುರಗಿಗೆ ಹೋಗಬೇಕ್ರಿ” ಎಂದಳು. “ನಮ್ಮ ಬೀಗರ ಕೇಸ್ ಇಲ್ಲೇ ಆತಲ್ಲವಾ” ಎಂದ ಅಜ್ಜ. ಬೀಗರದು ಬಾಗಲಕೋಟೆ ಜಿಲ್ಲೆಯ ಜಮಖಂಡಿ. ಆತ ಹೇಳಿದ್ದೂ ಸರಿಯೇ.

2013ರಲ್ಲಿ ಕಾಯಂ ಆದ ಎರಡು ಪೀಠಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಧಾರವಾಡಕ್ಕೆ ಸೇರಿವೆ, ವಿಜಯಪುರ ಕಲಬುರಗಿಗೆ. 1997ರವರೆಗೆ ಬಾಗಲಕೋಟೆ, ವಿಜಯಪುರ ಒಂದೇ ಜಿಲ್ಲೆ. ಇವತ್ತಿಗೂ ಕೊಡುಕೊಳ್ಳುವಿಕೆ, ಸಂತೆ, ಸಂಬಂಧ ಎಲ್ಲ ಒಂದೇ. ಆದರೆ ಕೃಷ್ಣಾ ಹೊಳೆಯ ಕೊರ್ತಿ-ಕೊಲ್ಹಾರ ಸೇತುವೆಯ ಈಚೆ ಸಿಕ್ಕ ಮಾಲಿಗೆ ಒಂದು ಪೀಠ, ಆಚೆ ಸಿಕ್ಕದ್ದಕ್ಕೆ ಇನ್ನೊಂದು. ಆರೋಪಿ ಯಾವ ಊರಿನವನು, ಯಾವ ಜೈಲಿನಲ್ಲಿದ್ದಾನೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಶಿಕ್ಷೆ ಕೊಟ್ಟ ಕೋರ್ಟು ಯಾವ ಜಿಲ್ಲೆಯದು ಎಂದಷ್ಟೇ ನೋಡಬೇಕು.

ಎಷ್ಟು ತೂಗಿದರು, ಏನನ್ನು ತೂಗಿದರು

ಗಾಂಜಾದಲ್ಲಿ 1 ಕಿಲೋಗಿಂತ ಕಡಿಮೆ ಇದ್ದರೆ ಅಲ್ಪ ಪ್ರಮಾಣ, 20 ಕಿಲೋಗಿಂತ ಹೆಚ್ಚಿದ್ದರೆ ವಾಣಿಜ್ಯ ಪ್ರಮಾಣ. ಅಲ್ಪಕ್ಕೆ ಹೆಚ್ಚೆಂದರೆ ಒಂದು ವರ್ಷ ಅಥವಾ ಹತ್ತು ಸಾವಿರ ದಂಡ ಅಥವಾ ಎರಡೂ. ನಡುವಿನದಕ್ಕೆ ಹತ್ತು ವರ್ಷದವರೆಗೆ ಸಜೆ, ಲಕ್ಷದವರೆಗೆ ದಂಡ, ಕನಿಷ್ಠ ಎಂಬುದಿಲ್ಲ. ವಾಣಿಜ್ಯಕ್ಕೆ ಕನಿಷ್ಠ ಹತ್ತು ವರ್ಷ, ಕನಿಷ್ಠ ಒಂದು ಲಕ್ಷ. ಹೆರಾಯಿನ್‌ಗೆ ಇದೇ ಗಡಿ 5 ಗ್ರಾಂ ಮತ್ತು 250 ಗ್ರಾಂ, ಚರಸ್‌ಗೆ 100 ಗ್ರಾಂ ಮತ್ತು 1 ಕಿಲೋ. ಹೀಗಾಗಿ 21 ಕಿಲೋ ಎಂದು ಬರೆದ ಕಡತದಲ್ಲಿ ಎರಡು ಕಿಲೋ ಅನುಮಾನಕ್ಕೆ ಬಿದ್ದರೆ ಕನಿಷ್ಠ ಶಿಕ್ಷೆಯ ಗೋಡೆಯೇ ಬೀಳುತ್ತದೆ, ಆಗ ಸಣ್ಣ ಮಕ್ಕಳ ಮಾತು, ಮೊದಲ ತಪ್ಪಿನ ಮಾತು ಎಲ್ಲಕ್ಕೂ ಬೆಲೆ ಬರುತ್ತದೆ. ಮಧ್ಯಮ ಪ್ರಮಾಣದ ಕೇಸುಗಳಲ್ಲಿ ಆ ಕಾಗದಗಳನ್ನು ಅಪೀಲಿನ ಜೊತೆಗೇ ಇಡಬೇಕು: ಶಾಲೆ ದಾಖಲೆ, ಆಸ್ಪತ್ರೆ ಚೀಟಿ, ಬೇರೆ ಕೇಸಿಲ್ಲ ಎಂಬುದು, ಎಷ್ಟು ದಿನ ಒಳಗಿದ್ದ ಎಂಬ ಜೈಲಿನ ಪ್ರಮಾಣಪತ್ರ. ವಿಚಾರಣೆಯ ಕೋರ್ಟಿನಲ್ಲಿ ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳುವ ಹೊತ್ತಿಗೆ ಇವು ಯಾವುವೂ ಕಡತ ಸೇರಿರುವುದಿಲ್ಲ. “ಕನಿಕರ ತೋರಿಸಬೇಕು” ಎಂಬ ಒಂದು ಸಾಲು ಮಾತ್ರ ಇರುತ್ತದೆ.

ನಮ್ಮ ಭಾಗದಲ್ಲಿ ಬಸ್ಸಿನ ಬ್ಯಾಗಿನಷ್ಟೇ ಹೊಲದ ಕೇಸುಗಳೂ ಇವೆ. ಕಬ್ಬಿನ ನಡುವೆ, ತೊಗರಿ ಸಾಲಿನಲ್ಲಿ, ಮೆಣಸಿನ ಗಿಡದ ಮಧ್ಯೆ ಬೆಳೆದದ್ದು. ಅಲ್ಲಿ ನಡೆಯುವುದನ್ನು ಪಂಚನಾಮೆಯಿಂದಲೇ ನೋಡಬಹುದು. ಗಿಡಗಳನ್ನು ಬೇರುಸಹಿತ ಕಿತ್ತು, ಎಣಿಸಿ, ಹಗ್ಗದಿಂದ ಕಟ್ಟಿ, ಗೋಣಿಚೀಲಕ್ಕೆ ತುಂಬಿ, ಅಂಗಡಿಯಿಂದ ತಂದ ಕಾಟಾದ ಮೇಲೆ ಇಟ್ಟು “ಒಟ್ಟು 23 ಕಿಲೋ ಹಸಿ ಗಾಂಜಾ” ಎಂದು ಬರೆಯುತ್ತಾರೆ. ಬೇರು, ಬೇರಿಗಂಟಿದ ಕರಿಮಣ್ಣು, ಹೆಬ್ಬೆರಳು ದಪ್ಪದ ಕಾಂಡ, ಎಲೆ, ಮೇಲಿನ ಹೂವಿನ ತೆನೆ, ಕೆಲವೊಮ್ಮೆ ಚೀಲ ಕೂಡ ಆ 23ರಲ್ಲಿ ಸೇರಿರುತ್ತವೆ. ಕಾಯ್ದೆಯ ಕಲಂ 2(3)(ಬಿ) ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಭಾಗ. ಆ ತುದಿ ಜೊತೆಗಿಲ್ಲದ ಬೀಜ ಮತ್ತು ಎಲೆ ಅದರಲ್ಲಿ ಸೇರುವುದಿಲ್ಲ. ಕಾಂಡ, ಬೇರಿನ ಮಾತಂತೂ ಇಲ್ಲವೇ ಇಲ್ಲ. ತುದಿಯನ್ನು ಬೇರೆ ಮಾಡಿ ತೂಗಿದ್ದಾರೆಯೇ ಎಂದು ಪಂಚನಾಮೆಯಲ್ಲಿ ಹುಡುಕಬೇಕು. ತನಿಖಾಧಿಕಾರಿಯ ಪಾಟೀಸವಾಲಿನಲ್ಲಿ ಈ ಪ್ರಶ್ನೆ ಕೇಳಿದ್ದಾರೆಯೇ ಎಂದು ನೋಡಬೇಕು. ಕೇಳದಿದ್ದರೂ ಪಂಚನಾಮೆಯ ಒಕ್ಕಣೆಯೇ ಮಾತಾಡುತ್ತದೆ. ಹಿಗ್ಗಿದ ಈ ತೂಕದ ಮೇಲೆ ಒಬ್ಬ ರೈತಮಗ ಹತ್ತು ವರ್ಷ ಒಳಗಿರುವುದು ಸಣ್ಣ ಅನ್ಯಾಯವಲ್ಲ.

ಇದಕ್ಕೆ ಹೊಂದಿಕೊಂಡು ಇನ್ನೊಂದು ಪ್ರಶ್ನೆ ಇದೆ. ನೆಲದಲ್ಲಿ ನಿಂತ ಗಿಡ ಸಾಗುವಳಿಯ ಅಪರಾಧ, ಅಂದರೆ ಕಲಂ 20(ಎ). ಅದಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ ಉಂಟು, ಆದರೆ ಕನಿಷ್ಠ ಇಲ್ಲ, ತೂಕದ ಲೆಕ್ಕವೂ ಇಲ್ಲ. ಪೊಲೀಸರೇ ಕಿತ್ತ ಗಿಡವನ್ನು ತೂಗಿ, ಆರೋಪಿಯ ಸ್ವಾಧೀನದಲ್ಲಿದ್ದ ಗಾಂಜಾ ಎಂದು ವಾಣಿಜ್ಯ ಪ್ರಮಾಣಕ್ಕೆ ಏರಿಸಿದ್ದರೆ ಅದನ್ನು ಅಪೀಲಿನ ಮೊದಲ ಆಧಾರವನ್ನಾಗಿ ಬರೆಯಬೇಕು.

ಹೊಲ ಯಾರದು ಎಂಬುದಕ್ಕೆ ತಲಾಟಿ ಬಂದು ಉತಾರ (ಪಹಣಿ) ಹಾಜರುಪಡಿಸಿ ಹೋಗಿರುತ್ತಾರೆ. ಕಲಂ 54ರ ಪೂರ್ವಭಾವನೆ, ಅಂದರೆ ತಪ್ಪು ಆರೋಪಿಯದೇ ಎಂದು ಕೋರ್ಟು ಮೊದಲೇ ಊಹಿಸಿಕೊಳ್ಳುವುದು, ಹುಟ್ಟುವುದು ಆರೋಪಿ “ಸಾಗುವಳಿ ಮಾಡಿದ” ಜಮೀನಿನಲ್ಲಿ ಗಿಡ ಬೆಳೆದಿದ್ದರೆ. ಉತಾರದ 9ನೇ (ಮಾಲೀಕರ) ಕಾಲಮ್ಮಿನಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಗುವಳಿ ಸಾಬೀತಾಗುವುದಿಲ್ಲ, 12ನೇ (ಸಾಗುವಳಿದಾರರ) ಕಾಲಮ್ಮು ನೋಡಬೇಕು, ಆ ವರ್ಷ ಲಾವಣಿಗೆ (ಗೇಣಿಗೆ) ಯಾರು ಮಾಡಿದ್ದರು, ಅಣ್ಣತಮ್ಮಂದಿರ ಜಂಟಿ ಖಾತೆಯೇ, ಪಾಲಾಗಿದೆಯೇ ಎಂದು ನೋಡಬೇಕು. ಮೂವರು ಅಣ್ಣತಮ್ಮಂದಿರ ಹೆಸರಿದ್ದು ಮನೆಯಲ್ಲಿ ಸಿಕ್ಕ ಒಬ್ಬನನ್ನು ಮಾತ್ರ ಹಿಡಿದು ತಂದ ಕೇಸಿನಲ್ಲಿ ಈ ಎರಡು ಕಾಲಮ್ಮುಗಳು ದೊಡ್ಡ ಮಾತು. ಪೂರ್ವಭಾವನೆ ಇದ್ದರೂ ಅದರ ತಳಪಾಯದ ಸಂಗತಿಗಳನ್ನು ಮೊದಲು ಪ್ರಾಸಿಕ್ಯೂಷನ್ನೇ ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟ್ 2008ರ ನೂರ್ ಆಗಾ ಪ್ರಕರಣದಲ್ಲಿ ಹೇಳಿದೆ.

ಮೂರು ತೂಕ, ಒಂದು ಮೊಹರು

ಬ್ಯಾಗಿನ ಕೇಸಾಗಲಿ ಹೊಲದ ಕೇಸಾಗಲಿ, ಮೂರು ಕಡೆಯ ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ಪಂಚನಾಮೆಯಲ್ಲಿ ಎಷ್ಟು, ಕಲಂ 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ದಾಸ್ತಾನು ಮಾಡಿದಾಗ ಎಷ್ಟು, ಪ್ರಯೋಗಾಲಯಕ್ಕೆ ಮುಟ್ಟಿದ ಮಾದರಿ ಎಷ್ಟು. ಗಾಂಜಾ ಮಾದರಿ ತಲಾ 24 ಗ್ರಾಂನಂತೆ ಜೋಡಿಯಾಗಿ ತೆಗೆಯಬೇಕು. ಸ್ಥಳದಲ್ಲಿ 24 ಎಂದು ಬರೆದು ಪ್ರಯೋಗಾಲಯದವರು 31 ಎಂದು ಬರೆದಿದ್ದರೆ, ಆ ಏಳು ಗ್ರಾಂ ಎಲ್ಲಿಂದ ಬಂತು? ಕಡಿಮೆಯಾದರೆ ಒಣಗಿತು ಎನ್ನಬಹುದು, ಹೆಚ್ಚಾದದ್ದಕ್ಕೆ ಉತ್ತರ ಸಿಗುವುದು ಕಷ್ಟ. ಹಾಗೆಯೇ ಅರಗಿನ ಮೇಲಿನ ಮೊಹರಿನ ಅಕ್ಷರ ಪಂಚನಾಮೆಯಲ್ಲಿ ಒಂದು, ವರದಿಯಲ್ಲಿ ಇನ್ನೊಂದು ಇರುತ್ತದೆ. ಜಪ್ತಿಯಾದ ದಿನದಿಂದ ಪ್ರಯೋಗಾಲಯಕ್ಕೆ ಒಯ್ದ ದಿನದವರೆಗೆ ಮುದ್ದೆಮಾಲು (ಜಪ್ತಿಯಾದ ವಸ್ತು) ಯಾರ ಸುಪರ್ದಿಯಲ್ಲಿತ್ತು, ಠಾಣೆಯ ರಿಜಿಸ್ಟರು ಹಾಜರಾಗಿದೆಯೇ, ಒಯ್ದ ಪೇದೆ ಸಾಕ್ಷಿ ನುಡಿದಿದ್ದಾರೆಯೇ ಎಂದು ನೋಡಬೇಕು.

ಹತ್ತು ಪೊಟ್ಟಣ ಸಿಕ್ಕಿ, ಎಲ್ಲವನ್ನೂ ತಾಡಪತ್ರಿಯ ಮೇಲೆ ಸುರಿದು ಕಲಸಿ ಒಂದೇ ಮಾದರಿ ತೆಗೆದಿದ್ದರೆ, ಹತ್ತರಲ್ಲೂ ಗಾಂಜಾವೇ ಇತ್ತು ಎನ್ನಲು ಆಧಾರ ಉಳಿಯುವುದಿಲ್ಲ. 1993ರ ಗೌಂಟರ್ ಎಡ್ವಿನ್ ಕಿರ್ಚರ್ ಪ್ರಕರಣದಲ್ಲಿ, ಅದು ಪಕ್ಕದ ಗೋವಾದ್ದೇ, ಸಿಕ್ಕ ಎರಡು ತುಂಡು ಚರಸ್‌ನಲ್ಲಿ ಒಂದನ್ನು ಮಾತ್ರ ಪರೀಕ್ಷೆಗೆ ಕಳಿಸಿದ್ದರು. ಪರೀಕ್ಷೆಯಾದ ತುಂಡಿನ ತೂಕವನ್ನಷ್ಟೇ ಸುಪ್ರೀಂ ಕೋರ್ಟ್ ಲೆಕ್ಕಕ್ಕೆ ಹಿಡಿಯಿತು.

52ಎ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. 2023ರಲ್ಲಿ ಸಿಮರನ್‌ಜಿತ್ ಸಿಂಗ್, ಯೂಸುಫ್ ಪ್ರಕರಣಗಳಲ್ಲಿ ಈ ಕಲಂ ಪಾಲಿಸಿಲ್ಲವೆಂದು ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿದ ಮೇಲೆ ಎಲ್ಲ ಅಪೀಲುಗಳಲ್ಲೂ ಅದೇ ಮೊದಲ ಪ್ಯಾರಾ ಆಯಿತು. 2025ರ ಜನವರಿಯಲ್ಲಿ ಭರತ್ ಆಂಬಾಳೆ ಪ್ರಕರಣದಲ್ಲಿ ಅದೇ ಕೋರ್ಟು, 52ಎ ತಪ್ಪಿದ ಒಂದೇ ಕಾರಣಕ್ಕೆ ಕೇಸು ಬೀಳುವುದಿಲ್ಲ, ಉಳಿದ ಸಾಕ್ಷ್ಯ ನಂಬುವಂತಿದೆಯೇ ನೋಡಬೇಕು ಎಂದಿದೆ. ಆದ್ದರಿಂದ ಈಗ ತಪ್ಪನ್ನು ತೋರಿಸಿ ಸುಮ್ಮನಾದರೆ ಆಗುವುದಿಲ್ಲ. ಆ ತಪ್ಪಿನಿಂದ ಸಿಕ್ಕ ವಸ್ತು ಮತ್ತು ಪರೀಕ್ಷೆಯಾದ ವಸ್ತು ಒಂದೇ ಎಂಬ ನಂಬಿಕೆ ಎಲ್ಲಿ ಮುರಿಯಿತು ಎಂದು ತೂಕ, ಮೊಹರು, ತಾರೀಖಿನ ಮೂಲಕ ಕಟ್ಟಿಕೊಡಬೇಕು.

ಶೋಧದ ಕಲಂಗಳಲ್ಲೂ ಇಂಥದೇ ಸೂಕ್ಷ್ಮ ಇದೆ. ಮನೆ, ವಾಹನ, ಆವರಣದೊಳಗೆ ಶೋಧಿಸಿದ್ದರೆ ಕಲಂ 42: ಬಂದ ಮಾಹಿತಿಯನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಅದರ ಪ್ರತಿ ಹೋಗಬೇಕು, ಸೂರ್ಯ ಮುಳುಗಿದ ಮೇಲಾದರೆ ಕಾರಣ ದಾಖಲಿಸಬೇಕು. ತಡವಾದರೆ ವಿವರಣೆ ಕೊಡಬಹುದು, ಆದರೆ ಪಾಲನೆಯೇ ಇಲ್ಲದಿದ್ದರೆ ಒಪ್ಪಲಾಗದು ಎಂದು 2009ರಲ್ಲಿ ಕರ್ನೈಲ್ ಸಿಂಗ್ ಪ್ರಕರಣದ ಸಂವಿಧಾನ ಪೀಠ ಹೇಳಿತು. ನಿಪ್ಪಾಣಿ ಹೆದ್ದಾರಿಯಲ್ಲಿ ಖಾಸಗಿ ಕಾರು ತಡೆದು, “ಸಾರ್ವಜನಿಕ ಸ್ಥಳ, ಹಾಗಾಗಿ ಕಲಂ 43” (42ರ ಷರತ್ತುಗಳಿಲ್ಲದ ಕಲಂ) ಎಂದು ಪೊಲೀಸರು ಹೇಳಿದ್ದರೆ 2021ರ ಬೂಟಾ ಸಿಂಗ್ ತೀರ್ಪು ನೋಡಬೇಕು; ರಸ್ತೆಯಲ್ಲಿ ನಿಂತ ಖಾಸಗಿ ವಾಹನ ಸಾರ್ವಜನಿಕ ವಾಹನವಾಗುವುದಿಲ್ಲ. ಕಲಂ 50, ಅಂದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧಿಸಿಕೊಳ್ಳುವ ಹಕ್ಕು, ಮೈಮೇಲಿನ ಶೋಧಕ್ಕಷ್ಟೇ. ಕೈಚೀಲದಲ್ಲಿ ಮಾಲು ಸಿಕ್ಕ ಕೇಸಿನಲ್ಲಿ ಇದನ್ನೇ ಹಿಡಿದು ಅರ್ಧ ವಾದ ಕಳೆಯಬಾರದು. ಪಂಚರು ಉಲ್ಟಾ ಹೊಡೆದರೆಂದು ಮನೆಯವರು ಬಹಳ ಭರವಸೆ ಇಟ್ಟುಕೊಂಡಿರುತ್ತಾರೆ. ಅಧಿಕಾರಿಗಳ ಸಾಕ್ಷ್ಯ ಗಟ್ಟಿಯಾಗಿದ್ದರೆ ಅಷ್ಟರಿಂದಲೇ ಬಿಡುಗಡೆ ಆಗುವುದಿಲ್ಲ. ಆದರೆ ಕಾಟಾ ತಂದ ಅಂಗಡಿಯವನನ್ನು ಕರೆಸಿಲ್ಲ, ಮೊಹರಿಗೂ ಲೆಕ್ಕವಿಲ್ಲ ಎಂದಾಗ ಪಂಚರ ಮಾತಿಗೂ ಬಲ ಬರುತ್ತದೆ.

ಆರೋಪಿಯೇ ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನಲ್ಲ ಎಂದು ಕೆಲವರು ಕೈಚೆಲ್ಲುತ್ತಾರೆ. ಆ ಹೇಳಿಕೆಗೆ ಬೆಲೆ ಇಲ್ಲ. ಎನ್‌ಡಿಪಿಎಸ್ ಕಲಂ 67ರಡಿ ಅಧಿಕಾರಿ ಬರೆದುಕೊಂಡ ಹೇಳಿಕೆಗೂ ತಪ್ಪೊಪ್ಪಿಗೆಯಾಗಿ ಬೆಲೆ ಇಲ್ಲವೆಂದು 2020ರ ತೂಫಾನ್ ಸಿಂಗ್ ತೀರ್ಪು ಹೇಳಿದೆ. ನ್ಯಾಯಾಧೀಶರ ಮುಂದೆಯೇ ತಪ್ಪೊಪ್ಪಿಕೊಂಡದ್ದು ಮಾತ್ರ ಬೇರೆ. ದಂಡ ಕಟ್ಟಿ ಮನೆಗೆ ಹೋಗಬಹುದೆಂದು ಅಲ್ಪ ಪ್ರಮಾಣದ ಕೇಸಿನಲ್ಲಿ ಹೂಂ ಅಂದವರಿಗೆ, ಶಿಕ್ಷೆ ಎಷ್ಟು, ಅದು ಕಾನೂನುಬದ್ಧವೇ ಎಂಬುದರ ಮೇಲಷ್ಟೇ ಅಪೀಲು ಉಳಿಯುತ್ತದೆ. ಚಟಕ್ಕೆ ಬಿದ್ದ ಹುಡುಗನ ಇಂಥ ಕೇಸಿನಲ್ಲಿ ಕಲಂ 39 ನೆನಪಿಡಬೇಕು. ಆತನ ಒಪ್ಪಿಗೆಯ ಮೇಲೆ, ಜೈಲಿನ ಬದಲು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಿಡುವ ಅಧಿಕಾರ ಕೋರ್ಟಿಗಿದೆ. ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದ್ದು. ಈ ಕಲಮ್ಮನ್ನು ಬಳಸಿ ಕೇಳುವವರು ತೀರ ಕಡಿಮೆ ಎಂಬುದೇ ನನ್ನ ದೊಡ್ಡ ಕೊರಗು.

ಅಪೀಲು ಬಾಕಿ ಇರುವಾಗ

ಅಪೀಲು ಹಾಕಿದ ಮಾತ್ರಕ್ಕೆ ಯಾರೂ ಹೊರಗೆ ಬರುವುದಿಲ್ಲ. ಬಿಎನ್‌ಎಸ್‌ಎಸ್ ಕಲಂ 430ರಡಿ ಶಿಕ್ಷೆ ಅಮಾನತಿಗೆ ಬೇರೆ ಅರ್ಜಿ ಬೇಕು. ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಅಪೀಲು ಹಾಕುವಷ್ಟು ಕಾಲ ಶಿಕ್ಷೆ ಕೊಟ್ಟ ಕೋರ್ಟೇ ಬಿಡಬಹುದು; ಅಂದೇ ಕೇಳಬೇಕು. ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಗೆ ಅರ್ಹವಾದ ಅಪರಾಧಗಳಲ್ಲಿ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪಣೆಗೆ ಅವಕಾಶ ಕೊಟ್ಟೇ ಮುಂದುವರಿಯಬೇಕು. ವಾಣಿಜ್ಯ ಪ್ರಮಾಣವಾದರೆ ಜಾಮೀನಿಗೆ ಬಿಗಿ ಷರತ್ತು ಹಾಕುವ ಎನ್‌ಡಿಪಿಎಸ್ ಕಲಂ 37 ಅಡ್ಡ ಬರುತ್ತದೆ. ಅದೇ ಕಾಯ್ದೆಯ ಕಲಂ 32ಎ ಶಿಕ್ಷೆ ಅಮಾನತನ್ನೇ ನಿಷೇಧಿಸಿತ್ತು. 2000ರ ದಾದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ತೆಗೆದುಹಾಕಿ, ಅಮಾನತಿನ ಅಧಿಕಾರ ಕೋರ್ಟಿಗೆ ಉಂಟು, ಆದರೆ ಕಲಂ 37ರ ಷರತ್ತಿಗೆ ಒಳಪಟ್ಟು ಎಂದಿತು. ಮಾಫಿ ಇಲ್ಲ ಎಂಬ ಭಾಗ ಹಾಗೇ ಉಳಿಯಿತು. ಬೇರೆ ಕೈದಿಗಳಿಗೆ ಸಿಗುವ ಮಾಫಿ ದಿನಗಳು ಈ ಕೇಸಿನವರಿಗಿಲ್ಲ, ಹತ್ತು ಎಂದರೆ ಹತ್ತೇ. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು, ಕಹಿಯಾದರೂ.

ಆರೋಪಿಯ ಅಪೀಲಿನಲ್ಲಿ ಶಿಕ್ಷೆ ಹೆಚ್ಚಾದೀತೆಂಬ ಹೆದರಿಕೆ ಹಳ್ಳಿಗಳಲ್ಲಿ ಬಹಳ ಇದೆ. ಆತನ ಅಪೀಲಿನ ಮೇಲೆ ಶಿಕ್ಷೆ ಹೆಚ್ಚಿಸಲು ಬಿಎನ್‌ಎಸ್‌ಎಸ್ ಕಲಂ 427 ಅವಕಾಶ ಕೊಡುವುದಿಲ್ಲ. ಅದಕ್ಕೆ ಸರ್ಕಾರ ಬೇರೆ ಅಪೀಲು ಹಾಕಬೇಕು.

ಕೊನೆಗೆ ದಂಡ. “ದಂಡ ಕಟ್ಟಲು ತಪ್ಪಿದರೆ ಇನ್ನೊಂದು ವರ್ಷ” ಎಂಬ ಸಾಲಿನ ಮೇಲೆ ಯಾರೂ ಗಮನ ಇಡುವುದಿಲ್ಲ. ಒಂದು ಲಕ್ಷ ಹೊಂದಿಸಲಾಗದ ಮನೆಗೆ ಅದು ಹನ್ನೊಂದನೆಯ ವರ್ಷ. ವಿಚಾರಣೆ ಕಾಲದಲ್ಲಿ ಒಳಗಿದ್ದ ದಿನಗಳನ್ನು ಬಿಎನ್‌ಎಸ್‌ಎಸ್ ಕಲಂ 468 ಪ್ರಕಾರ ಸಜೆಯಲ್ಲಿ ಕಳೆಯುತ್ತಾರೆ, ದಂಡ ತಪ್ಪಿದ ಸಜೆಯಲ್ಲಿ ಕಳೆಯುವುದಿಲ್ಲ. ದಂಡದ ಮೊತ್ತಕ್ಕೆ ಕನಿಷ್ಠ ಮಿತಿ ಉಂಟೇ ಹೊರತು, ಅದು ತಪ್ಪಿದ್ದಕ್ಕೆ ಕೊಡುವ ಸಜೆಗೆ ಇಲ್ಲ. 2012ರಲ್ಲಿ ಗುಜರಾತಿನ ಪಠಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಮೂರು ವರ್ಷದ ಸಜೆಯನ್ನು ಆರು ತಿಂಗಳಿಗೆ ಇಳಿಸಿತು. ಬೇರೆಲ್ಲ ಆಧಾರಗಳು ಬಿದ್ದುಹೋದರೂ ಈ ಕೋರಿಕೆ ಉಳಿಯುತ್ತದೆ. ಅಪೀಲಿನ ಕೋರಿಕೆಯಲ್ಲಿ ಅದನ್ನು ಪ್ರತ್ಯೇಕವಾಗಿ ಬರೆಸಿರಬೇಕು, ಅಮಾನತಿನ ಅರ್ಜಿಯಲ್ಲಿ ದಂಡಕ್ಕೂ ತಡೆ ಕೇಳಿರಬೇಕು. ಹೈಕೋರ್ಟಿನಲ್ಲೂ ಸೋತರೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು 90 ದಿನ ಇರುತ್ತದೆ. ಜೈಲಿನ ಮೂಲಕವೇ ಸುಪ್ರೀಂ ಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕಳಿಸಬಹುದು, ಅದಕ್ಕಾಗಿ ಮನೆಯವರು ದಿಲ್ಲಿಗೆ ಹೋಗಬೇಕಿಲ್ಲ.